ಕಣ್ಣಿಗೊಂದಿಷ್ಟು ಬಯಲು

ನಮ್ಮ ಅವ್ವ ಕಸೂತಿ ಹಾಕುತ್ತಿದ್ದಳು. ಧಾರವಾಡ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದೆರಡು ಮಾತು. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಆಡಿಸುತ್ತಾರೆ. ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಎಣಿಕೆಯಲ್ಲಿ ಒಂದೇ ಎಳೆ ತಪ್ಪಿದರೂ ಚಿತ್ತಾರದ ತೇರಿನ ಗಾಲಿ ಸೊಟ್ಟಗಾಗುತ್ತದೆ. ಅದರಲ್ಲೂ ಚಂದ್ರಕಾಳಿ ಸೀರೆ ಎಂದರೆ ಕಪ್ಪು ಸೀರೆ. ಕಪ್ಪಿನ ಮೇಲೆ ಕಪ್ಪು ಎಳೆಯನ್ನು ಎಣಿಸುವುದು ಎಂಥ ಕೆಲಸವೆಂದು ಎಣಿಸಿದವರಿಗೇ ಗೊತ್ತು.

ಅವ್ವ ಪಡಸಾಲೆಯ ಬಾಗಿಲ ಬಳಿ, ಬೆಳಕು ಎಡಗಡೆಯಿಂದ ಬೀಳುವ ಹಾಗೆ ಕೂಡುತ್ತಿದ್ದಳು. ಕಸೂತಿಯ ಒಂದು ಗೋಪುರ ಮುಗಿಯಿತೆಂದರೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ತಲೆ ಎತ್ತಿ, ಓಣಿಯ ಕೊನೆಗಿದ್ದ ಬೇವಿನ ಮರವನ್ನು ನೋಡುತ್ತ ಸುಮ್ಮನೆ ಕೂಡುತ್ತಿದ್ದಳು. ಚಿಕ್ಕವನಿದ್ದಾಗ ನಾನೊಮ್ಮೆ ಕೇಳಿದೆ: "ಯಾರರ ಬರೂದದ ಏನವ್ವಾ?"

"ಯಾರೂ ಬರೂದಿಲ್ಲಪ್ಪಾ. ಕಣ್ಣು ಮೇಯಾಕ ಬಿಟ್ಟೀನಿ. ಒಂದೀಟು ಅಡ್ಡಾಡಿ ಬರ್ಲಿ" ಅಂದಳು.

ದೀಪ ಹಚ್ಚಿದ ಮೇಲೆ ಅವಳು ಚಂದ್ರಕಾಳಿಯನ್ನು ಮುಟ್ಟುತ್ತಿರಲಿಲ್ಲ. ಎಷ್ಟೇ ಅವಸರದ ಮದುವೆಯಿದ್ದರೂ ಇಲ್ಲ.

ನಾನು ಮುಂದೆ ಹೊಟ್ಟೆಪಾಡಿಗೆ ಹಿಡಿದದ್ದೂ ಕಣ್ಣಿನ ಕೆಲಸವನ್ನೇ. 31 ವರ್ಷ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದಿದೆ. ಸೇರಿದಾಗ ಮೊಳೆ ಜೋಡಿಸುವ ಕಾಲ. ಹಸಿ ಶಾಯಿಯ ಗ್ಯಾಲಿ ಪ್ರೂಫ್ ಕೈಗೆ ಬರುತ್ತಿತ್ತು. ಬಿಡುವ ಹೊತ್ತಿಗೆ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲಿತ್ತು. ಎರಡೂ ಕಾಲದಲ್ಲಿ ಕಣ್ಣು ಪಡುವ ಪಾಡು ಒಂದೇ. ಮಧ್ಯಾಹ್ನ ನಾಲ್ಕರ ಸುಮಾರಿಗೆ ರೆಪ್ಪೆಯೊಳಗೆ ಮರಳು ಬಿದ್ದ ಹಾಗಾಗುವುದು, ಹುಬ್ಬಿನ ಮೇಲೆ ಭಾರ, ಸಾಲುಗಳು ಒಂದರ ಮೇಲೊಂದು ಏರಿದಂತೆ ಕಾಣುವುದು, ತಲೆ ಎತ್ತಿದರೆ ಎದುರಿನ ಗೋಡೆಯ ಗಡಿಯಾರ ಅರೆಗಳಿಗೆ ಮಂಜಾಗಿ ಆಮೇಲೆ ತಿಳಿಯಾಗುವುದು. ಇಂದು ಮೊಬೈಲು, ಲ್ಯಾಪ್‌ಟಾಪು ಹಿಡಿದ ಎಲ್ಲರಿಗೂ ಇದು ಗೊತ್ತಿರುವ ಸಂಕಟ. ಹಾಗಾಗಿ ಇವತ್ತಿನ ಮಾತು ಈ ದಣಿವಿನ ಬಗ್ಗೆ, ಅದಕ್ಕೆ ನಿಸರ್ಗದಲ್ಲೇ ಇರುವ ಪರಿಹಾರದ ಬಗ್ಗೆ. ಜೊತೆಗೆ, ನಿಸರ್ಗದ ಹೆಸರಿನಲ್ಲಿ ನಾನು ಮಾಡಿಕೊಂಡ ಒಂದು ತಪ್ಪಿನ ಬಗ್ಗೆಯೂ ಹೇಳಬೇಕು.

ಕಣ್ಣು ದಣಿಯುವುದು ಎಂದರೆ ಏನು? ಕರಿಯ ಪಾಪೆಯ ಹಿಂದೆ ಒಂದು ಮಸೂರವಿದೆ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಅದರ ಸುತ್ತ ಬಳೆಯಂತೆ ಒಂದು ಸ್ನಾಯು. ದೂರದ್ದನ್ನು ನೋಡುವಾಗ ಈ ಸ್ನಾಯು ಸಡಿಲ, ಮಸೂರ ಚಪ್ಪಟೆ. ಹತ್ತಿರದ್ದನ್ನು ನೋಡುವಾಗ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ. ಅದರ ಜೊತೆಗೆ ಎರಡೂ ಕಣ್ಣುಗುಡ್ಡೆಗಳು ಮೂಗಿನ ಕಡೆಗೆ ತಿರುಗಿ ನಿಲ್ಲಬೇಕು. ಅಂದರೆ ನಾವು "ಸುಮ್ಮನೆ ಓದುತ್ತ ಕೂತಿದ್ದೆ" ಅನ್ನುವಾಗಲೂ ಕಣ್ಣೊಳಗೆ ಸ್ನಾಯುಗಳು ದುಡಿಯುತ್ತಲೇ ಇರುತ್ತವೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯುವುದು ಕಷ್ಟವಲ್ಲ. ಅದೇ ಕೊಡ ಹೊತ್ತು ಒಂದೇ ಕಡೆ ಎರಡು ತಾಸು ನಿಲ್ಲಿ ಎಂದರೆ? ಕರಡು ತಿದ್ದುವವನ ಕಣ್ಣು ನಿಲ್ಲುವುದು ಹಾಗೆ.

ಸುಮಾರು 6 ಮೀಟರು, ಎಂದರೆ 20 ಅಡಿಯಿಂದಾಚೆಗೆ ನೋಟ ಹೋದರೆ ಕಣ್ಣು ಆ ಕೊಡವನ್ನು ಇಳಿಸಿಡುತ್ತದೆ. ಅಮೆರಿಕದ ಕಣ್ಣಿನ ತಜ್ಞರು ಇದಕ್ಕೊಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ: 20 ನಿಮಿಷಕ್ಕೊಮ್ಮೆ, 20 ಅಡಿ ಆಚೆಗಿರುವುದನ್ನು, 20 ಸೆಕೆಂಡು ನೋಡಿ. ಅವ್ವನದು ಗೋಪುರಕ್ಕೊಮ್ಮೆ ಎಂಬ ಲೆಕ್ಕ. ನನ್ನನ್ನು ಕೇಳಿದರೆ 20 ಸೆಕೆಂಡು ಕಡಿಮೆಯೇ. ಒಂದು ನಿಮಿಷ ಇರಲಿ. ಎದ್ದು ಕಿಟಕಿಯವರೆಗೆ ಹೋದರೆ ಕತ್ತು, ಬೆನ್ನೂ ಬದುಕಿಕೊಳ್ಳುತ್ತವೆ.

ಕಣ್ಣಿನ ಉರಿಗೆ ಇನ್ನೊಂದು ಕಾರಣವಿದೆ. ಅದು ರೆಪ್ಪೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಕುಳಿತಾಗ ಅದು ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರೆಂದರೆ ಬರಿಯ ನೀರಲ್ಲ. ನೀರು ಆರಿಹೋಗದಂತೆ ಅದರ ಮೇಲೊಂದು ತೆಳ್ಳನೆಯ ಎಣ್ಣೆಯ ಪದರ ಇರುತ್ತದೆ. ಆ ಎಣ್ಣೆ ರೆಪ್ಪೆಯ ಅಂಚಿನ ಗ್ರಂಥಿಗಳಿಂದ ಬರುತ್ತದೆ, ಬಡಿದಾಗಲೆಲ್ಲ ಕಣ್ಣಿನ ತುಂಬ ಹರಡುತ್ತದೆ. ಎವೆಯಿಕ್ಕದೆ ನೋಡುತ್ತ ಕೂತರೆ ಈ ಪದರ ಹರಿದು ಕಣ್ಣು ಒಣಗುತ್ತದೆ, ಉರಿಯುತ್ತದೆ. ಎದುರಿಗೆ ಫ್ಯಾನೋ ಏಸಿಯೋ ಬೀಸುತ್ತಿದ್ದರಂತೂ ಮುಗಿದೇಹೋಯಿತು. ಹಾಗಾಗಿ ಗಾಳಿ ನೇರ ಮುಖಕ್ಕೆ ಬಡಿಯದ ಕಡೆ ಕೂಡಿರಿ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ನಾಲ್ಕೈದು ಇಂಚು ತಗ್ಗಿಸಿಡಿ. ನೋಟ ಕೆಳಗಿದ್ದರೆ ಕಣ್ಣು ಅರೆ ಮುಚ್ಚಿರುತ್ತದೆ, ನೀರು ಆರುವುದು ಕಡಿಮೆ. ನಡುನಡುವೆ ರೆಪ್ಪೆಯನ್ನು ಬೇಕೆಂತಲೇ ಮೆಲ್ಲಗೆ, ಪೂರ್ತಿಯಾಗಿ ಮುಚ್ಚಿ ತೆರೆಯಿರಿ. ರಾತ್ರಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟುಕೊಂಡರೆ ಆ ಎಣ್ಣೆಯ ಗ್ರಂಥಿಗಳು ಸಡಿಲಾಗುತ್ತವೆ. ಬಟ್ಟೆಯ ಬಿಸಿ ಹಿತವಾಗಿರಬೇಕು, ಸುಡಬಾರದು. ಇದಕ್ಕೆಲ್ಲ ಕಾಸು ಖರ್ಚಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕವೆಂದು ದುಬಾರಿ ಬೆಲೆಗೆ ಮಾರುತ್ತಾರಲ್ಲ, 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2023ರ ಒಂದು ಸಮೀಕ್ಷೆಗೆ ಅದರಿಂದ ಕಣ್ಣಿನ ದಣಿವು ಇಳಿಯುವ ಲಕ್ಷಣ ಕಾಣಲಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನಗೆ 43 ತುಂಬಿದಾಗ ಕರಡಿನ ಹಾಳೆಯನ್ನು ದೂರ ದೂರ ಹಿಡಿಯತೊಡಗಿದೆ. ನಮ್ಮ ಕಡೆ ಇದಕ್ಕೆ ಚಾಳೀಸು ಅನ್ನುತ್ತಾರೆ. ನಲವತ್ತಕ್ಕೆ ಬರುವುದಾದ್ದರಿಂದ ಆ ಹೆಸರು. ಕಣ್ಣಿನ ಡಾಕ್ಟರು ಓದುವ ಕನ್ನಡಕ ಬರೆದುಕೊಟ್ಟರು. ಅದೇ ಹೊತ್ತಿಗೆ, ಕನ್ನಡಕ ಬಿಟ್ಟು ದೃಷ್ಟಿ ಸುಧಾರಿಸಿಕೊಳ್ಳಿ ಎಂದು ಹೇಳುವ ಒಂದು ಪುಸ್ತಕ ಕೈಗೆ ಬಂತು. ನಿಸರ್ಗ, ಯೋಗ, ಬಿಸಿಲು ಎಂಬ ಮಾತುಗಳಿದ್ದವು. ನಂಬಿದೆ. ಕನ್ನಡಕವನ್ನು ಡಬ್ಬಿಯಲ್ಲಿಟ್ಟು ಎಂಟು ತಿಂಗಳು ಅಂಗೈ ಶಾಖ ಕೊಟ್ಟುಕೊಂಡೆ, ಕಣ್ಣುಗುಡ್ಡೆ ತಿರುಗಿಸಿದೆ, ಮುಂಜಾನೆಯ ಸೂರ್ಯನನ್ನೂ ನೋಡಿದೆ.

ಕನ್ನಡದ ಅಕ್ಷರ ಓದುವವರಿಗೆ ಗೊತ್ತು, 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳು. ನನ್ನ ಕಣ್ಣಿಗೆ ಮೊದಲು ಮಾಯವಾದದ್ದು ಆ ಸೀಳು. ಆ ಎಂಟು ತಿಂಗಳಲ್ಲಿ ನಾನು ತಿದ್ದಿದ ಒಂದು ಪುಸ್ತಕ ಅಚ್ಚಾಗಿ ಬಂದ ಮೇಲೆ ಲೇಖಕರು ಅದರ ಒಂದು ಪ್ರತಿಯನ್ನು ನನಗೆ ಕಳಿಸಿದರು. ಬಿಟ್ಟುಹೋದ ಸೀಳುಗಳನ್ನೆಲ್ಲ ಪುಟ ಪುಟದಲ್ಲೂ ಕೆಂಪು ಶಾಯಿಯಲ್ಲಿ ತಾವೇ ಹಾಕಿದ್ದರು. ಒಂದು ಮಾತು ಬೈಯಲಿಲ್ಲ. ಆ ಪ್ರತಿ ಇನ್ನೂ ನನ್ನ ಹತ್ತಿರ ಇದೆ.

ಕಣ್ಣಿನ ಡಾಕ್ಟರು ಆಮೇಲೆ ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ನಾನು ನಂಬಿದ ಆ ಪುಸ್ತಕದ ಮೂಲ ನ್ಯೂಯಾರ್ಕಿನ ವಿಲಿಯಂ ಬೇಟ್ಸ್ ಎಂಬ ನೇತ್ರವೈದ್ಯನ ಸಿದ್ಧಾಂತ. ಅವನು 1920ರಲ್ಲಿ ಕನ್ನಡಕವಿಲ್ಲದ ಚಿಕಿತ್ಸೆಯ ಬಗ್ಗೆ ಪುಸ್ತಕ ಹೊರತಂದ. ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುವುದು ಒಳಗಿನ ಮಸೂರದಿಂದಲ್ಲ, ಗುಡ್ಡೆಯನ್ನು ಹೊರಗಿನಿಂದ ಹಿಂಡುವ ಸ್ನಾಯುಗಳಿಂದ ಎಂಬುದು ಅವನ ವಾದ. ಆ ಸ್ನಾಯು ಸಡಿಲಿಸಿದರೆ ಕನ್ನಡಕ ಬೇಡ ಎಂದ. ಕಾದಂಬರಿಕಾರ ಆಲ್ಡಸ್ ಹಕ್ಸ್ಲಿಯಂಥವನೇ ಅದನ್ನು ನಂಬಿ 1942ರಲ್ಲಿ 'ದಿ ಆರ್ಟ್ ಆಫ್ ಸೀಯಿಂಗ್' ಎಂಬ ಪುಸ್ತಕ ಬರೆದ. ಆದರೆ ಬೇಟ್ಸ್‌ಗಿಂತ ನೂರು ವರ್ಷಕ್ಕೂ ಮೊದಲು, 1801ರಲ್ಲಿ, ಇಂಗ್ಲೆಂಡಿನ ಥಾಮಸ್ ಯಂಗ್ ತನ್ನ ಕಣ್ಣನ್ನೇ ಪ್ರಯೋಗಕ್ಕೆ ಒಡ್ಡಿ ಈ ಪ್ರಶ್ನೆಯನ್ನು ಬಗೆಹರಿಸಿದ್ದ. ಕಣ್ಣಿನ ಮುಂಭಾಗಕ್ಕೆ ನೀರು ತುಂಬಿ, ಅಲ್ಲಿನ ಬಾಗು ಬೆಳಕನ್ನು ಬಾಗಿಸದಂತೆ ಮಾಡಿ ನೋಡಿದ. ಆಗಲೂ ಕಣ್ಣು ಹತ್ತಿರಕ್ಕೂ ದೂರಕ್ಕೂ ಹೊಂದಿಕೊಂಡಿತು. ಗುಡ್ಡೆ ಉದ್ದವಾಗುವುದಿಲ್ಲ ಎಂಬುದನ್ನೂ ಬೇರೆ ಪ್ರಯೋಗದಿಂದ ಕಂಡುಕೊಂಡ. ಉಳಿದದ್ದು ಮಸೂರ ಒಂದೇ.

ಆ ಮಸೂರ ವಯಸ್ಸಿನ ಜೊತೆ ಗಟ್ಟಿಯಾಗುತ್ತ ಹೋಗುತ್ತದೆ. ಸ್ನಾಯು ಎಷ್ಟು ಬಿಗಿದರೂ ಅದು ಮೊದಲಿನಂತೆ ಉಬ್ಬುವುದಿಲ್ಲ. ಇದೇ ಚಾಳೀಸು. ಗಟ್ಟಿಯಾದ ಮಸೂರವನ್ನು ಮತ್ತೆ ಮೆತ್ತಗೆ ಮಾಡುವ ವ್ಯಾಯಾಮ ಇಲ್ಲ. ದೂರದ್ದು ಕಾಣದ ಸಮೀಪದೃಷ್ಟಿಯೂ ಅಷ್ಟೆ. ಬೆಳೆದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರು. ಅದು ಒಂದೇ ಮಿಲಿಮೀಟರು ಹೆಚ್ಚು ಬೆಳೆದರೆ ನಂಬರು ಎರಡೂವರೆಯಿಂದ ಮೂರರಷ್ಟು ಮೈನಸ್ಸಿಗೆ ಹೋಗುತ್ತದೆ. ಉದ್ದವಾದದ್ದನ್ನು ಕಣ್ಣು ತಿರುಗಿಸಿ ಗಿಡ್ಡ ಮಾಡಲಾಗದು.

ಅಂಗೈ ಶಾಖವೋ? ಎರಡೂ ಅಂಗೈ ಉಜ್ಜಿ, ಮುಚ್ಚಿದ ಕಣ್ಣಿನ ಮೇಲೆ ಒತ್ತದೆ ಇಟ್ಟುಕೊಂಡರೆ ಹಾಯೆನಿಸುತ್ತದೆ, ನಾನು ಈಗಲೂ ಮಾಡುತ್ತೇನೆ. ಕತ್ತಲೆ ಸಿಕ್ಕುತ್ತದೆ, ಮನಸ್ಸು ನಿಲ್ಲುತ್ತದೆ. ನಂಬರು ಇಳಿಯುವುದಿಲ್ಲ, ಅಷ್ಟೆ. ಸೂರ್ಯನನ್ನು ನೋಡುವುದನ್ನು ಮಾತ್ರ ಯಾರೂ ಮಾಡಬೇಡಿ, ಮುಂಜಾನೆಯಾದರೂ ಸಂಜೆಯಾದರೂ ಬೇಡ. ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಡುವ ಆಟ ಆಡಿದ್ದೀರಲ್ಲ, ಕಣ್ಣೊಳಗೂ ಅದೇ ನಡೆಯುತ್ತದೆ. ಒಳಗಿನ ಅಕ್ಷಿಪಟಕ್ಕೆ ನೋವು ತಿಳಿಯುವ ನರಗಳಿಲ್ಲ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ನನಗೆ ಏನೂ ಆಗದೆ ಉಳಿದದ್ದು ನನ್ನ ಪುಣ್ಯ.

ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಹೆಣ್ಣುಮಕ್ಕಳಿಗಂತೂ ಮದುವೆಯ ಮಾತು ತೆಗೆದು ಕನ್ನಡಕ ತಪ್ಪಿಸುತ್ತಾರೆ. ಇದು ಅನ್ಯಾಯ. ಅಸ್ಸಾಮಿನ ಚಹಾ ತೋಟದಲ್ಲಿ ಎಲೆ ಕೀಳುವ, 40 ದಾಟಿದ ಕೂಲಿಯವರಿಗೆ ಓದುವ ಕನ್ನಡಕದಂಥದ್ದನ್ನೇ ಕೊಟ್ಟು ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರು ಕಿತ್ತ ಎಲೆ, ಸಿಗದವರಿಗಿಂತ ಶೇಕಡಾ 21ಕ್ಕೂ ಹೆಚ್ಚಾಯಿತು. ಸೂಜಿಗೆ ದಾರ ಪೋಣಿಸಲು, ಅಕ್ಕಿಯಲ್ಲಿ ಕಲ್ಲು ಆರಿಸಲು ಮೊಮ್ಮಕ್ಕಳನ್ನು ಕೂಗುವ ಎಷ್ಟು ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ! ಅವರಿಗೆ ಬೇಕಾದದ್ದು ಒಂದು ಕನ್ನಡಕ.

ಹಾಗಾದರೆ ನಿಸರ್ಗದ ದಾರಿ ಎಂಬುದು ಸುಳ್ಳೇ? ಅಲ್ಲ. ಅದು ದೊಡ್ಡ ಕೆಲಸ ಮಾಡುವುದು ಮಕ್ಕಳ ಕಣ್ಣಿನಲ್ಲಿ, ಅದೂ ಕನ್ನಡಕ ಬರುವ ಮೊದಲು. ನಾನು ಈ ಭಾಷಣಕ್ಕೆ ಒಪ್ಪಿದ್ದೇ ಇದನ್ನು ಹೇಳಲಿಕ್ಕೆ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿದ್ದಾಳೆ. ಎಂಟು ವರ್ಷಕ್ಕೇ ಮೈನಸ್ ಒಂದೂವರೆ. ಅವರ ಮನೆಗೆ ಹೋದಾಗ ನಾನು ಮೊದಲು ಕಿಟಕಿ ತೆರೆದು ನೋಡಿದೆ. ಎದುರಿಗೆ ಹನ್ನೆರಡು ಅಡಿಗೆ ಪಕ್ಕದ ಕಟ್ಟಡದ ಗೋಡೆ. ಅದಕ್ಕಿಂತ ದೂರದ್ದು ಏನೂ ಆ ಮನೆಯಿಂದ ಕಾಣುವುದಿಲ್ಲ. ಮಗು ಶಾಲೆಯ ವ್ಯಾನಿನಲ್ಲಿ ಹೋಗುತ್ತದೆ, ಬಂದ ಮೇಲೆ ಟ್ಯೂಷನ್, ಆಮೇಲೆ ಕೈಯಲ್ಲಿ ಮೊಬೈಲು.

ಸಿಡ್ನಿಯಲ್ಲೂ ಸಿಂಗಪುರದಲ್ಲೂ ಇರುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದ ಒಂದು ಅಧ್ಯಯನ 2008ರಲ್ಲಿ ಬಂತು. ಸಿಂಗಪುರದ ಮಕ್ಕಳಲ್ಲಿ ನೂರಕ್ಕೆ 29 ಮಕ್ಕಳಿಗೆ ಸಮೀಪದೃಷ್ಟಿ, ಸಿಡ್ನಿಯಲ್ಲಿ ನೂರಕ್ಕೆ ಮೂರು ಚಿಲ್ಲರೆ. ಮೂಲ ಒಂದೇ, ಸಮೀಪದೃಷ್ಟಿಯ ತಂದೆತಾಯಿಗಳ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಸಿಡ್ನಿಯ ಮಕ್ಕಳು ಓದುತ್ತಿದ್ದುದೂ ಹೆಚ್ಚೇ. ವ್ಯತ್ಯಾಸ ಇದ್ದದ್ದು ಬಯಲಿನಲ್ಲಿ. ಸಿಡ್ನಿಯ ಮಗು ವಾರಕ್ಕೆ ಸುಮಾರು 14 ತಾಸು ಹೊರಗಿರುತ್ತಿತ್ತು, ಸಿಂಗಪುರದ ಮಗು 3 ತಾಸು.

ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಒಂದು ಹೆಚ್ಚಿನ ಪಿರಿಯಡ್ಡನ್ನು ಹೊರಗೆ ಕೊಟ್ಟರು. ಮೂರು ವರ್ಷದ ಮೇಲೆ, ಹೊರಗೆ ಹೋದ ಮಕ್ಕಳಲ್ಲಿ ಶೇಕಡಾ 30ಕ್ಕೆ, ಹೋಗದವರಲ್ಲಿ ಸುಮಾರು ಶೇಕಡಾ 40ಕ್ಕೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಬರಿಯ 40 ನಿಮಿಷದ ಫಲ ಇದು. ತೈವಾನಂತೂ 2010ರಿಂದ, ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಎಂದು ದೇಶದ ಪ್ರಾಥಮಿಕ ಶಾಲೆಗಳಿಗೆಲ್ಲ ಹೇಳಿತು. ಅಲ್ಲಿ ದೃಷ್ಟಿ ಕುಂದಿದ ಮಕ್ಕಳ ಪ್ರಮಾಣ ಹತ್ತು ವರ್ಷ ಏರುತ್ತಲೇ ಹೋಗಿ 2011ರಲ್ಲಿ ಶೇಕಡಾ 50 ಮುಟ್ಟಿತ್ತು. 2015ರ ಹೊತ್ತಿಗೆ 46ಕ್ಕೆ ಇಳಿಯಿತು.

ಬಯಲಿನಲ್ಲಿ ಏನಿದೆ? ಮುಖ್ಯವಾಗಿ ಬೆಳಕು. ನಮ್ಮ ತರಗತಿ, ಕೋಣೆಗಳಲ್ಲಿ ಬೆಳಕು ಮುನ್ನೂರರಿಂದ ಐನೂರು ಲಕ್ಸ್ ಇದ್ದರೆ ಹೆಚ್ಚು. ಹೊರಗೆ ಹಗಲಿನಲ್ಲಿ ಹತ್ತು ಸಾವಿರ ದಾಟುತ್ತದೆ, ನಡುಹಗಲ ಬಿಸಿಲಲ್ಲಿ ಲಕ್ಷ. ಮರದ ನೆರಳಲ್ಲಿ ನಿಂತರೂ ಕೋಣೆಗಿಂತ ಎಷ್ಟೋ ಪಾಲು ಹೆಚ್ಚು. ಅಷ್ಟು ಬೆಳಕು ಬಿದ್ದಾಗ ಅಕ್ಷಿಪಟ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ, ಅದು ಗುಡ್ಡೆ ಅತಿಯಾಗಿ ಉದ್ದ ಬೆಳೆಯುವುದನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ನಂಬುತ್ತಾರೆ. ಮಗು ಸೂರ್ಯನನ್ನು ನೋಡಬೇಕಿಲ್ಲ, ಸುಡುಬಿಸಿಲಲ್ಲಿ ನಿಲ್ಲಬೇಕಿಲ್ಲ. ಕುಂಟೆಬಿಲ್ಲೆಯೋ ಲಗೋರಿಯೋ ಆಡಲಿ, ಟೋಪಿ ಹಾಕಿಕೊಂಡೇ ಆಡಲಿ. ಈಗಾಗಲೇ ಕನ್ನಡಕ ಬಂದಿದ್ದರೆ ಅದನ್ನು ಹಾಕಿಕೊಂಡೇ ಆಡಬೇಕು. ನಂಬರು ಏರಬಾರದೆಂದು ಬೇಕಂತಲೇ ಕಡಿಮೆ ನಂಬರಿನ ಕನ್ನಡಕ ಕೊಡಿಸುವವರಿದ್ದಾರೆ. ಮಲೇಷಿಯಾದಲ್ಲಿ ಹಾಗೆ ಮಾಡಿ ನೋಡಿದಾಗ ಮಕ್ಕಳ ನಂಬರು ಇನ್ನೂ ಬೇಗ ಏರಿದ್ದು 2002ರಲ್ಲೇ ವರದಿಯಾಗಿದೆ.

ಊಟದ ವಿಷಯ. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ನುಗ್ಗೆ ಸೊಪ್ಪು, ಹರಿವೆ, ಗಜ್ಜರಿ, ಪಪ್ಪಾಯಿ ಇವುಗಳಲ್ಲೆಲ್ಲ ದೇಹ ಎ ಜೀವಸತ್ವವಾಗಿ ಮಾಡಿಕೊಳ್ಳುವ ಅಂಶವಿದೆ. ಅದಿಲ್ಲದಿದ್ದರೆ ಮಬ್ಬುಬೆಳಕಿನಲ್ಲಿ ಕಣ್ಣು ಕಾಣಿಸದು. ಇರುಳುಗಣ್ಣು ಎಂದು ನಾವು ಕರೆಯುವುದು ಇದನ್ನೇ. ಇನ್ನೂ ಕೊರತೆಯಾದರೆ ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಬಂದು, ಕೊನೆಗೆ ಕರಿಗುಡ್ಡೆಯೇ ಕರಗಿ ಮಗು ಕುರುಡಾಗುತ್ತದೆ. ಹಾಗೆ ಕಣ್ಣು ಕಳೆದುಕೊಳ್ಳುವ ಮಕ್ಕಳಿಗಾಗಿಯೇ ನಮ್ಮ ಸರಕಾರ 1970ರಲ್ಲಿ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಶುರುಮಾಡಿತು. ಈಗಲೂ ಅದನ್ನು ಹಾಕಿಸುವುದನ್ನು ತಪ್ಪಿಸಬೇಡಿ. ಸೊಪ್ಪಿನ ಸತ್ವ ಮೈಗೆ ಹತ್ತಬೇಕಾದರೆ ಒಂದಿಷ್ಟು ಜಿಡ್ಡು ಬೇಕು. ಒಗ್ಗರಣೆಯ ಎಣ್ಣೆ ಅದಕ್ಕೆ ಸಾಕು. ಆದರೆ ಚೆನ್ನಾಗಿ ಉಣ್ಣುವ ಮಗುವಿಗೆ ಮೇಲಿಂದ ಗಜ್ಜರಿ ರಸ ಕುಡಿಸಿದರೆ ಮೈನಸ್ಸು ಇಳಿಯುವುದಿಲ್ಲ.

ತಿನ್ನುವುದು ಬೇರೆ, ಕಣ್ಣಿಗೆ ಹಾಕುವುದು ಬೇರೆ. ನಂದಿಬಟ್ಟಲು ಹೂವನ್ನು ತೊಳೆದು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೆ ತಂಪು, ಯಾರಿಗೂ ಕೇಡಿಲ್ಲ. ಆದರೆ ಜೇನು, ಈರುಳ್ಳಿ ರಸ, ಹರಳೆಣ್ಣೆ, ಎದೆಹಾಲು, ಎಲೆಯ ರಸ ಇವನ್ನೆಲ್ಲ ಕಣ್ಣೊಳಗೆ ಹಿಂಡಬೇಡಿ. ಸೋಂಕು ಹತ್ತಿ ಕರಿಗುಡ್ಡೆಯ ಮೇಲೆ ಹುಣ್ಣಾದರೆ ಅದು ಮಾಯ್ದ ಮೇಲೂ ಬಿಳಿ ಕಲೆ ಉಳಿಯುತ್ತದೆ. ಅಂಗಡಿಯಿಂದ ಕೇಳಿ ತಂದ ಡ್ರಾಪ್ಸ್ ಕೂಡ ಹಾಗೆಯೇ. ಅದರಲ್ಲಿ ಸ್ಟೆರಾಯ್ಡ್ ಇದ್ದು ದಿನಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರುತ್ತದೆ.

ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟ ತೋರಿಸಿಕೊಳ್ಳಲೇಬೇಕು. ಕಣ್ಣು ಕೆಂಪಾಗಿ ನೋವಿದ್ದರೆ, ಒಮ್ಮೆಲೇ ಮಂಜಾದರೆ, ಮಿಂಚು ಹೊಡೆದಂತೆ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಮಗು ಟಿವಿಗೆ ಮುಖ ಹಚ್ಚಿ ಕೂತರೆ, ಕಣ್ಣು ಕಿರಿದು ಮಾಡಿ ಕರಿಹಲಗೆ ನೋಡಿದರೆ ಬೈಯಬೇಡಿ, ತಪಾಸಣೆ ಮಾಡಿಸಿ. ಒಂದೇ ಕಣ್ಣು ಮಂದವಿರುವ ಮಗು ತಾನಾಗಿ ಹೇಳುವುದಿಲ್ಲ. ಏಳೆಂಟು ವರ್ಷದೊಳಗೆ ಗೊತ್ತಾದರೆ ಆ ಕಣ್ಣು ಉಳಿಯುವ ಸಂಭವ ಹೆಚ್ಚು.

ಅವ್ವ 71ರವರೆಗೆ ಕಸೂತಿ ಹಾಕಿದಳು. ಮೂಗಿನ ಮೇಲೆ ಕನ್ನಡಕ ಇತ್ತು, ಮುಖ ಬೇವಿನ ಮರದ ಕಡೆಗಿತ್ತು. ನನ್ನ ಮೊಮ್ಮಗಳಿಗೆ ಓಣಿಯೂ ಇಲ್ಲ, ಮರವೂ ಇಲ್ಲ. ಆದರೆ ಅವರ ಕಟ್ಟಡಕ್ಕೆ ತಾರಸಿ ಇದೆ. ಈಗ ಸಂಜೆ ಶಾಲೆಯಿಂದ ಬಂದವಳೇ ಕನ್ನಡಕ ಹಾಕಿಕೊಂಡು ಒಂದು ತಾಸು ತಾರಸಿಯ ಮೇಲೆ ಗೆಳತಿಯರ ಜೊತೆ ಇರುತ್ತಾಳೆ, ಹದ್ದು ಎಣಿಸುತ್ತಾಳೆ. ಟ್ಯೂಷನ್ನಿನ ಹೊತ್ತು ಹಿಂದಕ್ಕೆ ಹೋಗಿದೆ.

ತಂದೆತಾಯಿಗಳಲ್ಲಿ, ಶಾಲೆಯ ಗುರುಗಳಲ್ಲಿ ನನ್ನದೊಂದೇ ಕೋರಿಕೆ. ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ನಾಳೆ ಮಗು ಮನೆಗೆ ಬಂದಾಗ ಬೆನ್ನಿನ ಚೀಲ ಇಳಿಸಿಕೊಂಡು, ಬೆಳಕಿರುವಾಗಲೇ ಅದನ್ನು ಹೊರಗೆ ಕಳಿಸಿ. ಮನೆಪಾಠ ದೀಪ ಹಚ್ಚಿದ ಮೇಲೆ ಆಗಲಿ.